ಮೇಸ್ತ್ರಿ ಗೊತ್ತು ಮಾಡುವ ಮೊದಲು ಒಂದು ತಂಬಿಗೆ ನೀರು

ಮೊನ್ನೆ ತಂಗಿಯ ಮಗ ಬೆಂಗಳೂರಲ್ಲಿ ಕೂತು, ವಾಟ್ಸಾಪಿಗೆ ಬಂದ ನಾಲ್ಕು ಫೋಟೋ ನೋಡಿ, ಶಿರಸಿ ಮನೆ ರಿಪೇರಿಗೆ ಕಂಟ್ರಾಕ್ಟರನ್ನು ಗೊತ್ತು ಮಾಡಿಬಿಟ್ಟ. ಅರ್ಧ ದುಡ್ಡನ್ನೂ ಫೋನಿನಲ್ಲೇ ಹಾಕಿಯಾಗಿತ್ತು. "ದೊಡ್ಡಾಯಿ, ಫಿನಿಶಿಂಗ್ ನೋಡು" ಎಂದು ನನಗೂ ಕಳಿಸಿದ. ನೋಡಿದೆ. ಬಣ್ಣ ಚೆನ್ನಾಗಿತ್ತು. ಬಣ್ಣ ಯಾರು ಬಳಿದರೂ ಚೆನ್ನಾಗಿಯೇ ಇರುತ್ತದೆ, ಮೃಗಶಿರಾ ಮಳೆ ಹಿಡಿಯುವವರೆಗೆ. ಒಂದು ಸೀರೆಗೆ ನಾಲ್ಕು ಅಂಗಡಿ ಹತ್ತಿ ಇಳಿಯುತ್ತೀರಿ. ಮನೆ ಕೆಲಸ ಕೊಡುವಾಗ ಮಾತ್ರ ಎಲ್ಲಿಲ್ಲದ ಅವಸರ.

ಮೇಸ್ತ್ರಿ ಈಗಷ್ಟೇ ಮುಗಿಸಿದ ಮನೆ ತೋರಿಸಿದರೆ ಹೋಗಬೇಡಿ. ಎರಡು ಮಳೆಗಾಲ ಕಂಡ ಮನೆ ಯಾವುದು ಎಂದು ಕೇಳಿ. ಆಷಾಢದಲ್ಲಿ, ಕೊಡೆ ಹಿಡಿದು, ಅವನನ್ನು ಬಿಟ್ಟು ಹೋಗಿ. ಜಗುಲಿಯಲ್ಲಿ ಕೂತ ಯಜಮಾನರು "ಎಲ್ಲ ಚೆನ್ನಾಗಿದೆ" ಅಂತಾರೆ. ಅವರಿಗೇನು ಗೊತ್ತು? ಒಳಗೆ ಹೋಗಿ ಹೆಂಗಸರನ್ನು ಕೇಳಿ. ಪಡುವಣ ಗೋಡೆಗೆ ಅಂಗೈ ಒತ್ತಿ ನೋಡಿ. ನಮ್ಮಲ್ಲಿ ಗಾಳಿಮಳೆ ಬಡಿಯುವುದೇ ಆ ಕಡೆಯಿಂದ. ನಾವು ಸಣ್ಣವರಿದ್ದಾಗ ಆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಕಪಾಟಿನ ಹಿಂದೆ ಕೈ ಹಾಕಿದಾಗ ಉಪ್ಪಿನಂಥ ಬಿಳಿ ಪುಡಿ ಹತ್ತಿತೋ, ಗೋಡೆ ನೀರು ಕುಡಿಯುತ್ತಿದೆ ಎಂದೇ ಲೆಕ್ಕ.

ಆಮೇಲೆ ಬಚ್ಚಲು. ಇದು ಅಪ್ಪಯ್ಯ ಕಲಿಸಿದ್ದು, ಇಂದಿಗೂ ಬಿಟ್ಟಿಲ್ಲ. ಒಂದು ತಂಬಿಗೆ ನೀರು ಕೇಳಿ. ಬಕೆಟ್ ಬೇಡ. ಬಕೆಟ್ ಸುರಿದರೆ ವಾಟ, ಅಂದರೆ ನೆಲದ ಇಳಿಜಾರು, ಇಲ್ಲದಿದ್ದರೂ ನೀರು ತನ್ನ ರಭಸಕ್ಕೇ ಹೋಗಿಬಿಡುತ್ತದೆ. ನೆಲ ಒದ್ದೆ ಇದ್ದರೆ ಮೊದಲು ಒರೆಸಿ. ನೀರು ಹೋಗುವ ತೂತಿನಿಂದ ಅತಿ ದೂರದ ಮೂಲೆಯಲ್ಲಿ, ಹಾಲು ಸೋಸುವಾಗ ಬಿಡ್ತೀವಲ್ಲ, ಹಾಗೆ ಸಣ್ಣ ಧಾರೆಯಲ್ಲಿ ಬಿಡಿ. ಬಿಟ್ಟು, ಒಂದು ಎಲೆಯಡಿಕೆ ಕವಳ ಹಾಕುವಷ್ಟು ಹೊತ್ತು ಸುಮ್ನೆ ನಿಲ್ಲಿ. ಕಾಲಲ್ಲಿ ತಳ್ಳಬೇಡಿ! ನೀರು ತಾನಾಗಿಯೇ ತೂತು ಹುಡುಕಿಕೊಂಡು ಹೋಗಬೇಕು. ನಡುವೆ ಊಟದ ತಟ್ಟೆಯಷ್ಟಗಲ ನಿಂತರೆ ವಾಟ ತಪ್ಪಿದೆ. ಬಾಗಿಲ ಕಡೆ ಬಂದರೆ ಆ ಮೇಸ್ತ್ರಿಗೆ ದೊಡ್ಡ ನಮಸ್ಕಾರ ಹಾಕಿ ಬನ್ನಿ.

ನೀರು ಹರಿಯುವಷ್ಟರಲ್ಲಿ ಒಂದು ನಾಣ್ಯದಿಂದ ಟೈಲ್ಸ್ ಬಡಿಯುತ್ತಾ ಹೋಗಿ. ನಡುವೆ ಬಡಿದರೆ ಸಾಲದು, ಮೂಲೆ ಮೂಲೆ ಬಡಿಯಬೇಕು. ಅಡಿಯಲ್ಲಿ ಸಿಮೆಂಟು ಪೂರ್ತಿ ಇದ್ದರೆ ಗಟ್ಟಿ ಸದ್ದು. ನಡುವೆ ಒಂದು ಮುದ್ದೆ ಇಟ್ಟು ಕೂರಿಸಿದ್ದರೆ ಮೂಲೆಯಲ್ಲಿ ಡಬ್ ಡಬ್ ಅಂತ ಪೊಳ್ಳು ಸದ್ದು. ಅಪ್ಪೆಮಿಡಿ ಹಾಕುವ ಭರಣಿಯನ್ನೂ ಹೀಗೇ ಬಡಿದು ತರಬೇಕು. ಅಲ್ಲಿ ಗಂಟೆಯ ಹಾಗೆ ನಾದ ಬರಬೇಕು, ಮೊದ್ದು ಸದ್ದು ಬಂದರೆ ಬಿರುಕಿದೆ. ಭರಣಿ ಬಿಸಿಲಿಗೆ ಒಣಗಿಸದೆ ಮಿಡಿ ತುಂಬಿ, "ಹುಳ ಆಯಿತು" ಎಂದು ನನಗೆ ಫೋನ್ ಮಾಡಬೇಡಿ.

ತಂಬಿಗೆಯ ನೀರಲ್ಲಿ ಗೆದ್ದವನನ್ನು ಅರ್ಧ ನಂಬಬಹುದು. ಇನ್ನರ್ಧಕ್ಕೆ ಕಾಗದ. ಕೂಲಿ ಮಾತ್ರವೋ ಸಾಮಾನು ಸೇರಿಯೋ, ಯಾವ ಸಿಮೆಂಟು, ಎಷ್ಟು ದಿನ, ಹಂಚಿನ ಮಾಡು ಬಿಚ್ಚಿದರೆ ಹಳೇ ಪಕಾಸಿನ ಮರ, ಹಂಚು ಯಾರಿಗೆ, ಎಲ್ಲ ಬರೆದು ಸಹಿ ಹಾಕಿಸಿ. ನಮ್ಮನೆಯ ಹಳೇ ಹಂಚು ಹೀಗೇ ಮಾತಿನಲ್ಲಿ ಹೋಯಿತು, ಒಂದು ಲಾರಿ ತುಂಬಾ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಆ ವಾರ ಆಳು ಸಿಗುವುದಿಲ್ಲ. ಅದನ್ನು ಮೊದಲೇ ಹೇಳುವ ಮೇಸ್ತ್ರಿ ಒಳ್ಳೆಯವನು.

ಕರಾವಳಿಯವರು ಮರಳು ಬಂದ ದಿನ ಚಿಟಿಕೆ ನಾಲಿಗೆಗೆ ಇಟ್ಟು ನೋಡಿ, ನಗಬೇಡಿ. ಕಾರವಾರದ ನಮ್ಮ ನಾದಿನಿ ಮನೆಗೆ ಒಬ್ಬ ಕಂಟ್ರಾಕ್ಟರ್ ಹೊಳೆ ಕಡಲು ಸೇರುವ ಅಳಿವೆ ಕಡೆಯ ಮರಳು ಹಾಕಿದ. ಆ ಉಪ್ಪಿಗೆ ಸ್ಲ್ಯಾಬಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಊದಿತು. ಒಂದು ಮಧ್ಯಾಹ್ನ ಸಿಮೆಂಟಿನ ಹಪ್ಪಳೆ ಊಟದ ಬಾಳೆಗೇ ಬಿತ್ತು! ಸಿಮೆಂಟು ಚೀಲದ ಮೇಲೆ ತಯಾರಾದ ವಾರ, ವರ್ಷ ಇರುತ್ತದೆ, ಓದಿ. 3 ತಿಂಗಳು ದಾಟಿದ್ದರೆ ಬೇಡ. ನಮ್ಮ ತಂಡಿ ಹವೆಯಲ್ಲಿ ಅದಕ್ಕೂ ಮೊದಲೇ ಗಂಟು ಕಟ್ಟುತ್ತದೆ.

ದುಡ್ಡು ಕೆಲಸದ ಹಿಂದೆ ನಡೆಯಬೇಕು, ಮುಂದೆ ಅಲ್ಲ. ಮುಂಗಡ ಅಂದರೆ ಕೆಲಸ ಶುರುವಾಗುವಷ್ಟು, ಸಾಕು. ಕೊನೆಯ ಕಂತು ಆರಿದ್ರಾ ಮಳೆ ಮುಗಿದ ಮೇಲೆ ಎಂದು ಆ ಕಾಗದದಲ್ಲೇ ಬರೆಯಿರಿ. ಮುಖ ಸಣ್ಣ ಮಾಡುತ್ತಾನೆ, ಮಾಡಲಿ. ಮಾಡು ಸೋರಿದರೆ ಕರೆದ ದಿನವೇ ಏಣಿ ಹೊತ್ತು ಬರುತ್ತಾನೆ, ನೋಡಿ.

ಇನ್ನು ಗಿಲಾವಿಗೆ ನೀರು ಹೊಡೆಯುವುದು. ಕಡಿಮೆ ಅಂದರೂ 7 ದಿನ ಬೇಕು. "ಹುಡುಗರು ಹೊಡೀತಾರಮ್ಮ" ಅಂತಾನೆ. ಹುಡುಗರು ಎರಡನೇ ದಿನಕ್ಕೇ ಮರೆಯುತ್ತಾರೆ, ಗೋಡೆ ಬಿರುಕು ಬಿಡುತ್ತದೆ, ಆಮೇಲೆ ಬೈಸಿಕೊಳ್ಳುವವನು ಮೇಸ್ತ್ರಿ. ಪೈಪು ನೀವೇ ಹಿಡಿಯಿರಿ. ಬೆಳಿಗ್ಗೆ ಹಲ್ಲುಜ್ಜುತ್ತಾ ಹಿಡಿದರೂ ಆಯಿತು.