ರೆಕ್ಕೆಯ ನೀಲಿ ಎಲ್ಲಿದೆ? ಒಂದು ಹನಿ ಅಸಿಟೋನ್ ಇಟ್ಟು ನೋಡಿ

ಎರಡು ಚಿಟ್ಟೆಗಳ ರೆಕ್ಕೆಯಲ್ಲಿ ಒಂದೇ ನೀಲಿ ಕಂಡರೂ ಅದು ಒಂದೇ ಮೂಲದ್ದೆಂದು ನಾನು ಬರೆದುಕೊಳ್ಳುವುದಿಲ್ಲ. ಬಣ್ಣ ಹೇಗಾಗಿದೆ ಎಂದು ಮೊದಲು ನೋಡುತ್ತೇನೆ, ಆಮೇಲೆ ರೆಕ್ಕೆಯ ಯಾವ ಜಾಗದಲ್ಲಿದೆ ಎಂದು. ಯಾಕೆ ವಿಕಾಸವಾಯಿತು ಎಂಬ ಪ್ರಶ್ನೆ ಕೊನೆಗೆ. ಈ ಕ್ರಮ ತಪ್ಪಿದರೆ ಕಥೆಯೇನೋ ಸೊಗಸಾಗಿರುತ್ತದೆ, ಆಧಾರ ಇರುವುದಿಲ್ಲ.

ಬೇಕಾದದ್ದು ಒಣಗಿದ ಚಿಟ್ಟೆಯ ಒಂದು ರೆಕ್ಕೆ, ಶುದ್ಧ ಅಸಿಟೋನ್, ಗಾಜಿನ ಡ್ರಾಪರ್, ಗಾಜಿನ ಸ್ಲೈಡು, ಮತ್ತು ಮೇಲಿನಿಂದಲೂ ಕೆಳಗಿನಿಂದಲೂ ಬೆಳಕು ಕೊಡುವ ಮೈಕ್ರೋಸ್ಕೋಪ್. ನೀರಿನಿಂದ ಆಗುವುದಿಲ್ಲ. ರೆಕ್ಕೆಯನ್ನು ಹೊದ್ದಿರುವ ಪುಡಿಯಂಥ ಹುರುಪೆಗಳ ಮೇಲೆ ಅದು ತಾವರೆ ಎಲೆಯ ಮೇಲಿನಂತೆ ಉರುಳಿಹೋಗುತ್ತದೆ, ಒಳಗಿನ ಸಂದಿಗೆ ಇಳಿಯುವುದೇ ಇಲ್ಲ. ರೆಕ್ಕೆಯನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಇಡಬೇಡಿ, ಅಸಿಟೋನ್ ಅದನ್ನು ಕರಗಿಸಿ ರೆಕ್ಕೆಗೆ ಮೆತ್ತುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಕ್ಯಾಮೆರಾ, ದೀಪ, ರೆಕ್ಕೆ ಮೂರನ್ನೂ ಅಲುಗದಂತೆ ನಿಲ್ಲಿಸಿ ಒಂದು ಹನಿ ಬಿಡಿ. ಕೋನ ಬದಲಾದರೂ ಬಣ್ಣ ಬದಲಾಗುತ್ತದೆ, ಹಾಗಾಗಿ ನಡುವೆ ರೆಕ್ಕೆ ವಾಲಿಸಿದರೆ ಪರೀಕ್ಷೆ ಕೆಟ್ಟಂತೆ. ಮಾರ್ಫೋ ಚಿಟ್ಟೆಯ ನೀಲಿ ಕ್ಷಣದಲ್ಲಿ ಹಸಿರಾಗುತ್ತದೆ, ಆರುತ್ತಿದ್ದಂತೆ ಅಂಚಿನಿಂದ ಒಳಕ್ಕೆ ನೀಲಿ ಮರಳುತ್ತದೆ. ಅಲ್ಲಿ ನೀಲಿ ವರ್ಣದ್ರವ್ಯವಿಲ್ಲ. ಹುರುಪೆಯ ಏಣುಗಳಲ್ಲಿ ಕೈಟಿನ್ (ಕೀಟಗಳ ಹೊರಕವಚದ ವಸ್ತು) ಪದರ, ಗಾಳಿ, ಮತ್ತೆ ಪದರ ಎಂದು ಜೋಡಣೆಯಿದೆ. ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆಯಾದ ವಕ್ರೀಭವನ ಸೂಚ್ಯಂಕ ಗಾಳಿಗೆ 1, ಅಸಿಟೋನಿನದು ಸುಮಾರು 1.36. ಗಾಳಿಯ ಜಾಗವನ್ನು ಅಸಿಟೋನ್ ತುಂಬಿದರೆ ಪ್ರತಿಫಲಿಸುವ ತರಂಗಾಂತರ ಉದ್ದವಾಗುತ್ತದೆ, ಅಂದರೆ ನೀಲಿಯಿಂದ ಹಸಿರಿನ ಕಡೆ ಸರಿಯುತ್ತದೆ.

ಜೂನೋನಿಯಾ ಎಂಬ ಚಿಟ್ಟೆಗಳ ಗುಂಪಿನ ನೀಲಿಯಲ್ಲಿ ಎಡವುವವರು ಹೆಚ್ಚು. ಹನಿ ಬಿದ್ದಾಗ ಬಣ್ಣ ಮಂಕಾಗುತ್ತದೆಯೇ ಹೊರತು ಹಸಿರಿಗೆ ತಿರುಗುವುದಿಲ್ಲ. ಅದನ್ನು ನೋಡಿ ‘ವರ್ಣದ್ರವ್ಯ’ ಎಂದು ಬರೆದರೆ ತಪ್ಪು. ಇಲ್ಲಿ ನೀಲಿ ಕೊಡುವುದು ಹುರುಪೆಯ ತಳದ ಒಂದೇ ತೆಳುಪೊರೆ, ಪದರಗಳ ನಡುವೆ ಗಾಳಿಯೇ ಇಲ್ಲ. ಪೊರೆಯ ದಪ್ಪ ಅಷ್ಟೇ ಇರುವುದರಿಂದ ಬಣ್ಣದ ಜಾತಿ ಬದಲಾಗದು, ಹೊಳಪು ಮಾತ್ರ ಇಳಿಯುತ್ತದೆ.

ಅನುಮಾನ ಉಳಿದರೆ ಹುರುಪೆಯನ್ನೇ ತೆಗೆದು ನೋಡಬೇಕು. ಅಂಟುಟೇಪ್ ಬೇಡ, ಅದರ ಅಂಟು ಸಂದಿಗಳಲ್ಲಿ ಇಳಿದು ಅಸಿಟೋನಿನ ಕೆಲಸವನ್ನೇ ಮಾಡುತ್ತದೆ. ಸ್ಲೈಡನ್ನು ರೆಕ್ಕೆಯ ಮೇಲೆ ಮೆಲ್ಲಗೆ ಒತ್ತಿ ಎತ್ತಿದರೆ ಸಾಕು, ಹುರುಪೆಗಳು ತಾವೇ ಬರುತ್ತವೆ. ಬರುವುದು ಮಗುಚಿಕೊಂಡು. ಗಾಜಿನ ಹಿಂಬದಿಯಿಂದ ನೋಡಿದರೆ ಮೇಲ್ಮೈ, ನೇರವಾಗಿ ನೋಡಿದರೆ ತಳ. ತಳದ ಕಡೆಯಿಂದಲೂ ನೀಲಿ ಜೋರಾಗಿದ್ದರೆ ತೆಳುಪೊರೆಯೇ ಕಾರಣ. ನಂತರ ಮೇಲಿನ ದೀಪ ಆರಿಸಿ ಕೆಳಗಿನದನ್ನು ಹಚ್ಚಿ. ರಚನೆಯಿಂದ ಬಂದ ನೀಲಿ ಮಾಯವಾಗಿ, ಕಪ್ಪು-ಕಂದು ವರ್ಣದ್ರವ್ಯವಾದ ಮೆಲನಿನ್ ಇದ್ದರೆ ಕಂದು ಉಳಿಯುತ್ತದೆ. ಹಳದಿ, ಕೆಂಪು ವರ್ಣದ್ರವ್ಯಗಳು ಎರಡೂ ಬೆಳಕಿನಲ್ಲಿ ಕಾಣುತ್ತವೆ.

ಹಳೆಯ ಮಾದರಿಗಳಲ್ಲಿ ಇನ್ನೊಂದು ತೊಡಕಿದೆ. ಹೊಟ್ಟೆಯ ಕೊಬ್ಬು ಕರಗಿ ರೆಕ್ಕೆಗೆ ಹರಡಿರುತ್ತದೆ, ಹನಿ ಬಿಡುವ ಮೊದಲೇ ಬಣ್ಣ ತಿರುಗಿರುತ್ತದೆ. ಬುಡದ ಕಡೆ ಎಣ್ಣೆ ಕಾಗದದಂತೆ ಪಾರದರ್ಶಕವಾಗಿ ಕಂಡರೆ ರೆಕ್ಕೆಯನ್ನು ಅಸಿಟೋನಿನಲ್ಲಿ ಒಂದು ರಾತ್ರಿ ಮುಳುಗಿಸಿ, ಒಣಗಿಸಿ, ಆಮೇಲೆ ಪರೀಕ್ಷಿಸಿ.

ವಿಕಾಸದ ಮಟ್ಟಿಗೆ ಈ ತಳಪೊರೆ ಸ್ವಾರಸ್ಯದ್ದು. ಅದು ದಪ್ಪವಾದರೆ ಸಾಕು, ಕಂದು ಚಿಟ್ಟೆ ನೀಲಿಯಾಗಬಲ್ಲದು. 2017ರಲ್ಲಿ ಜೂನೋನಿಯಾ ಕೀನಿಯಾ ಎಂಬ ಜಾತಿಯ ಚಿಟ್ಟೆಯಲ್ಲಿ ಆಪ್ಟಿಕ್ಸ್ ಎಂಬ ಜೀನನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ವಿಧಾನದಿಂದ ಕೆಡಿಸಿದಾಗ ರೆಕ್ಕೆ ನೀಲಿ ಮಿನುಗಿತು. ಇಷ್ಟು ಸುಲಭವಾಗಿ ಹುಟ್ಟುವ ಬಣ್ಣವನ್ನು ಎರಡು ಚಿಟ್ಟೆಗಳ ವಂಶದ ನಂಟಿನ ಸಾಕ್ಷಿಯಾಗಿ ನಾನು ಒಪ್ಪುವುದಿಲ್ಲ.

ನಂಟು ನೋಡಲು ಗುರುತು ರೆಕ್ಕೆಯ ಯಾವ ಜಾಗದಲ್ಲಿದೆ ಎಂಬುದು ಬೇಕು. ಚಿಟ್ಟೆಗಳ ನಿಂಫಾಲಿಡೇ ಕುಟುಂಬಕ್ಕೆ 1920ರ ದಶಕದಲ್ಲಿ ಶ್ವಾನ್‌ವಿಚ್ ಮತ್ತು ಝುಫರ್ಟ್ ಎಂಬ ಸಂಶೋಧಕರು ಬೇರೆಬೇರೆಯಾಗಿ ಕಂಡುಕೊಂಡ ಮೂಲವಿನ್ಯಾಸ ಇಂದಿಗೂ ಕೆಲಸಕ್ಕೆ ಬರುತ್ತದೆ. ಬುಡದ ಪಟ್ಟಿಗಳು, ನಡುವಿನ ಸಮ್ಮಿತಿಯ ಪಟ್ಟಿಗಳು, ಅಂಚಿನ ಕಡೆಗೆ ಕಣ್ಚುಕ್ಕೆಗಳ ಸಾಲು. ರೆಕ್ಕೆಯ ಕೆಳಮೈಯ ಫೋಟೋ ಅಚ್ಚು ಹಾಕಿ, ನಾಳಗಳನ್ನು ಮೊದಲು ಎಳೆದು, ಎರಡು ನಾಳಗಳ ನಡುವಿನ ಪ್ರತಿ ಅಂಕಣಕ್ಕೂ ಸಂಖ್ಯೆ ಕೊಟ್ಟು ಗುರುತಿಸುತ್ತೇನೆ. ಮೇಲ್ಮೈಯಲ್ಲಿ ಈ ವಿನ್ಯಾಸ ಎಷ್ಟೋ ಸಲ ಅರ್ಧ ಅಳಿಸಿಹೋಗಿರುತ್ತದೆ. ಪಟ್ಟಿ ತುಂಡಾಗಿ ಕಂಡರೆ ಹೊಸ ಪಟ್ಟಿಯೆಂದು ಎಣಿಸಬಾರದು. ಪ್ರತಿ ಅಂಕಣದಲ್ಲೂ ಅದು ತನ್ನಷ್ಟಕ್ಕೆ ಹಿಂದೆಮುಂದೆ ಸರಿಯಬಲ್ಲದು. ಕಾಲಿಮಾ ಚಿಟ್ಟೆಯ ಒಣಎಲೆ ವೇಷದ ನಡುನರವೂ ಇಂಥ ಹಳೆಯ ತುಂಡುಗಳು ಸಾಲಾಗಿ ನಿಂತು ಆದದ್ದೇ.

ಕಪ್ಪಿನ ವಿಷಯದಲ್ಲಿ ಹನಿ ಏನೂ ಹೇಳದು. ಬಿಸ್ಟನ್ ಬೆಟುಲೇರಿಯಾ ಪತಂಗದ ಕಪ್ಪು ರೂಪ 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ದಾಖಲಾಯಿತು. ಕಾರಣ ಕಾರ್ಟೆಕ್ಸ್ ಜೀನಿನೊಳಗೆ ಬಂದು ಸೇರಿದ ಜಿಗಿಯುವ ಡಿಎನ್‌ಎ ತುಣುಕು ಎಂದು 2016ರಲ್ಲಿ ಗೊತ್ತಾಯಿತು. 2024ರ ಕೆಲಸಗಳು ಕಪ್ಪಿನ ಹಿಡಿತ ಅದೇ ಪ್ರದೇಶದ, ಪ್ರೋಟೀನ್ ತಯಾರಿಸದ ಒಂದು ಆರ್‌ಎನ್‌ಎ ಕಡೆಗಿದೆ ಎಂದು ತೋರಿಸಿದವು. ಅದಕ್ಕೇ ನನ್ನ ಟಿಪ್ಪಣಿಯಲ್ಲಿ ಕಪ್ಪು ಚುಕ್ಕೆಯ ಎದುರು ‘ಮೆಲನಿನ್’ ಎಂದೂ ಅಂಕಣದ ಸಂಖ್ಯೆಯನ್ನೂ ಬರೆದು, ಜೀನಿನ ಕಾಲಂ ಖಾಲಿ ಬಿಡುತ್ತೇನೆ.