ಗುಳಿಗೆ ಬಿಡುತ್ತಿರುವವರ ಜೊತೆ ನಿಲ್ಲುವುದು ಹೇಗೆ

ನಮ್ಮ ಕಡೆ ಚಟ ಅಂದರೆ ಮೊದಲು ನೆನಪಾಗುವುದು ಕುಡಿತ. ಗುಳಿಗೆ ಚಟ ಮನೆಯವರಿಗೆ ಗೊತ್ತಾಗುವುದೇ ತಡವಾಗಿ. ಬಾಯಿ ವಾಸನೆ ಬರುವುದಿಲ್ಲ, ತೂರಾಡುವುದಿಲ್ಲ. ಹುಡುಗ ಸ್ವಲ್ಪ ಮಂಕಾಗಿದ್ದಾನೆ, ಊಟ ಕಡಿಮೆ ಮಾಡಿದ್ದಾನೆ, ರೊಕ್ಕ ಜಾಸ್ತಿ ಕೇಳುತ್ತಾನೆ, ಅಷ್ಟೇ. ಟ್ರಮಡಾಲ್, ಟ್ಯಾಪೆಂಟಡಾಲ್ ಅನ್ನುವ ನೋವಿನ ಗುಳಿಗೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ಬ್ರೌನ್ ಶುಗರ್ ಅನ್ನುವ ಕಚ್ಚಾ ಹೆರಾಯಿನ್, ಇವೆಲ್ಲ ಅಫೀಮಿನ ಬಳಗವೇ. ಡಾಕ್ಟರುಗಳು ಒಪಿಯಾಯ್ಡ್ ಅನ್ನುತ್ತಾರೆ. ಕೆಲವರು ಗೆಳೆಯರ ಜೊತೆ ಸುಮ್ನೆ ಶುರು ಮಾಡಿರುತ್ತಾರೆ. ಇನ್ನು ಕೆಲವರು ಕಬ್ಬು ಕಡಿದು ಸೊಂಟ ಹೋಗಿ, ಮಗ್ಗದ ಮುಂದೆ ಕೂತು ಬೆನ್ನು ಹಿಡಿದು, ಲಾರಿ ಓಡಿಸಿ ಮೈಯೆಲ್ಲ ಹಣ್ಣಾಗಿ, ನೋವಿಗೆ ಅಂತ ನುಂಗಿದ್ದನ್ನು ಬಿಡಲಾಗದೆ ಸಿಕ್ಕಿಕೊಂಡಿರುತ್ತಾರೆ. 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು ಇಬ್ಬರು ಯಾವುದಾದರೊಂದು ಒಪಿಯಾಯ್ಡ್ ಬಳಸುತ್ತಾರೆ. ಹಾಗಾಗಿ "ನಮ್ಮ ಮನೆಗೇ ಯಾಕೆ ಈ ಶನಿ" ಅಂತ ತಲೆ ಚಚ್ಚಿಕೊಳ್ಳುವುದು ಬೇಡ.

ಇದನ್ನು ಬರೆಯುತ್ತಿರುವುದು ಚಟ ಇರುವವರಿಗಲ್ಲ, ಅವರ ಪಕ್ಕದಲ್ಲಿ ಇರುವವರಿಗೆ. ಅವ್ವ, ಹೆಂಡತಿ, ಅಣ್ಣ, ವೈನಿ, ರೂಮ್‌ಮೇಟ್, ಒಬ್ಬ ಒಳ್ಳೆಯ ಗೆಳೆಯ, ಯಾರಾದರೂ ಆಗಬಹುದು. ನಿಮ್ಮ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಆ ಮನುಷ್ಯ ಜೀವಂತ ಇರಬೇಕು, ದವಾಖಾನೆಯ ದಾರಿ ತಪ್ಪಬಾರದು, ಇವೆರಡೇ. ಜೇಬು ತಡಕುವುದು, ಕಣ್ಣು ಬಿಡಿಸಿ ನೋಡುವುದು, ಆಣೆ ಮಾಡಿಸುವುದು ನಿಮ್ಮ ಕೆಲಸ ಅಲ್ಲ. ಪೊಲೀಸ್ ಕೆಲಸಕ್ಕೆ ಇಳಿದರೆ ಅವನು ನಿಮಗೂ ಸುಳ್ಳು ಹೇಳಲು ಶುರು ಮಾಡುತ್ತಾನೆ, ಆಮೇಲೆ ನಿಮ್ಮಿಂದ ಏನೂ ಉಪಯೋಗ ಇರುವುದಿಲ್ಲ.

ಕೋಣೆಯಲ್ಲಿ ಕೂಡಿ ಹಾಕಬೇಡಿ

ಬಹಳ ಮನೆಗಳಲ್ಲಿ ಮೊದಲು ಮಾಡುವುದೇ ಇದು. ಗುಳಿಗೆ ಕಸಿದು, ಚಿಲಕ ಹಾಕಿ, ನಾಲ್ಕು ದಿನ ಒದ್ದಾಡಲಿ ಬಿಡು ಅನ್ನುತ್ತಾರೆ. ಒಪಿಯಾಯ್ಡ್ ಒಮ್ಮೆಲೇ ನಿಂತರೆ 8ರಿಂದ 24 ಗಂಟೆಯೊಳಗೆ ಮೂಗು ಕಣ್ಣಲ್ಲಿ ನೀರು, ಆಕಳಿಕೆ, ಮೈ ಜುಮ್ಮೆನ್ನುವುದು, ಕಾಲು ಜಗ್ಗುವುದು, ವಾಂತಿ, ಭೇದಿ, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಎರಡನೇ ಮೂರನೇ ದಿನ ಜೋರಾಗುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಇದನ್ನೆಲ್ಲ ದಾಟಿ ಹೊರಬಂದವನು ಗೆದ್ದ ಅಂತ ಮನೆಯವರು ಹೋಳಿಗೆ ಮಾಡುತ್ತಾರೆ. ನಿಜವಾದ ಅಪಾಯ ಶುರುವಾಗುವುದೇ ಆಗ, ಅದನ್ನು ಮುಂದೆ ಹೇಳುತ್ತೇನೆ. ಟ್ರಮಡಾಲ್ ಜಾಸ್ತಿ ನುಂಗುತ್ತಿದ್ದವರಿಗೆ ಫಿಟ್ಸ್ ಬರುವ ಅಪಾಯವೂ ಇದೆ. ಬಸುರಿ ಹೆಣ್ಣುಮಗಳಾಗಿದ್ದರಂತೂ ಒಮ್ಮೆಲೇ ನಿಲ್ಲಿಸಲೇಬಾರದು, ಮಗುವಿಗೆ ತೊಂದರೆ. ಡಾಕ್ಟರ್ ಹೇಳಿದ ಹಾಗೇ ನಡೆಯಬೇಕು.

ಎಲ್ಲಿಗೆ ಹೋಗಬೇಕು? ಬೆಳಗಾವಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಿಮ್ಸ್‌ನ ಜಿಲ್ಲಾ ಆಸ್ಪತ್ರೆ ಇದೆ, ಕೆಎಲ್‌ಇ ಇದೆ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಮತ್ತು ಕುಮಾರೇಶ್ವರ ಆಸ್ಪತ್ರೆ. ಮನೋರೋಗ ವಿಭಾಗ ಅಂತ ಕೇಳಿ. ಊರಿನವರು ನೋಡಿಬಿಡುತ್ತಾರೆ ಅನ್ನುವ ಭಯ ಇದ್ದರೆ ಧಾರವಾಡದ ಸರ್ಕಾರಿ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿ, ಬೆಳಗಾವಿಯಿಂದ ಬಸ್ಸಿಗೆ ದೂರ ಏನಲ್ಲ. ಅವ್ವನೋ ಹೆಂಡತಿಯೋ ಜೊತೆಗೆ ಹೋದರೆ ಶಕ್ತಿ ಯೋಜನೆಯಲ್ಲಿ ಅವರಿಗೆ ಸಾದಾ ಬಸ್ ಫ್ರೀ, ಖರ್ಚು ಅವನೊಬ್ಬನ ಟಿಕೆಟಿನದು ಮಾತ್ರ. ಎಲ್ಲಿ ಹೋಗಬೇಕು ಅಂತಲೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಾದಕ ವಸ್ತು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446 ಕೂಡ ಇದೆ, ಅದೂ ಫ್ರೀ.

ಹೋಗುವಾಗ ಖಾಲಿ ಸ್ಟ್ರಿಪ್, ಬಾಟ್ಲಿ ಏನಿದ್ದರೂ ಚೀಲದಲ್ಲಿ ಹಾಕಿಕೊಂಡು ಹೋಗಿ. "ಬಿಳಿ ಗುಳಿಗೆ ರೀ" ಅಂದರೆ ಡಾಕ್ಟರಿಗೆ ಏನು ತಿಳಿಯಬೇಕು. ದಿನಕ್ಕೆ ಎಷ್ಟು, ಕೊನೆಯದು ಎಷ್ಟು ಹೊತ್ತಿಗೆ, ಜೊತೆಗೆ ಕುಡಿತ ಅಥವಾ ನಿದ್ದೆ ಗುಳಿಗೆ ಇತ್ತಾ, ಸೂಜಿ ಚುಚ್ಚಿಕೊಂಡಿದ್ದನಾ, ಇದೆಲ್ಲ ಅವನೇ ಹೇಳಲಿ, ಆದರೆ ಅವನು ಹೇಳುವಾಗ ನೀವು ಪಕ್ಕದಲ್ಲಿ ಹಣೆ ಬಡಿದುಕೊಂಡರೆ ಅರ್ಧ ಹೇಳಿ ನಿಲ್ಲಿಸುತ್ತಾನೆ. ಬೇಕಾದರೆ ಹೊರಗೆ ಕೂತುಕೊಳ್ಳಿ. ಸೂಜಿ ಬಳಸಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಲೇಬೇಕು.

"ಪೊಲೀಸರಿಗೆ ಹೇಳಿದರೆ?" ಅಂತ ಎಲ್ಲರೂ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾದಕ ವಸ್ತುವಿನಿಂದ ಬರುವ ಕಾಯಿಲೆಗಳಿಗೂ ಅನ್ವಯಿಸುತ್ತದೆ, ರೋಗಿಯ ವಿಷಯ ಗುಟ್ಟಾಗಿಡಬೇಕು ಅನ್ನುತ್ತದೆ. ಮಾದಕ ವಸ್ತುಗಳ ಬಗೆಗಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಇದ್ದ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಬಂದರೆ ಶಿಕ್ಷೆಯ ಕ್ರಮದಿಂದ ರಕ್ಷಣೆ ಇದೆ. ಚಿಕಿತ್ಸೆ ಪೂರ್ತಿ ಮಾಡದೆ ಬಿಟ್ಟರೆ ಆ ರಕ್ಷಣೆ ಹೋಗಬಹುದು, ಅದನ್ನೂ ಹೇಳಿಬಿಡಿ.

ವ್ಯಸನಮುಕ್ತಿ ಕೇಂದ್ರ ಅಂತ ಬೋರ್ಡ್ ಹಾಕಿಕೊಂಡ ಜಾಗಕ್ಕೆ ಸೇರಿಸುವ ಮುಂಚೆ ಮೂರು ವಿಷಯ ಕೇಳಿ: ನೋಂದಣಿ ಇದೆಯಾ, ಮನೋವೈದ್ಯರು ಯಾವಾಗ ಬರುತ್ತಾರೆ, ನಾವು ಯಾವಾಗ ಬಂದು ನೋಡಬಹುದು. "ಆರು ತಿಂಗಳು ಯಾರೂ ಬರಬೇಡಿ, ರೊಕ್ಕ ಮೊದಲೇ ಕಟ್ಟಿ" ಅಂದರೆ ಎದ್ದು ಬನ್ನಿ. ಸರಪಳಿ ಹಾಕುವುದು ಕಾನೂನಿನಲ್ಲೇ ನಿಷಿದ್ಧ, ಹೊಡೆದು ಬಿಡಿಸುತ್ತೇವೆ ಅನ್ನುವವರ ಹತ್ತಿರ ಬಿಡಿಸುವ ವಿದ್ಯೆ ಇರುವುದಿಲ್ಲ.

ನಾಲಿಗೆ ಕೆಳಗಿನ ಗುಳಿಗೆ

ಡಾಕ್ಟರ್ ಬುಪ್ರೆನಾರ್ಫಿನ್ ಬರೆಯಬಹುದು. ಇದನ್ನು ಕೇಳಿದ ತಕ್ಷಣ ಮನೆಯ ಹಿರಿಯರು ಹೇಳುವುದು ಒಂದೇ ಮಾತು, "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದರು." ಹಾಗಲ್ಲ. ಇದು ಮೆದುಳಿನಲ್ಲಿ ಅದೇ ಜಾಗಕ್ಕೆ ಹೋಗಿ ಕೂರುತ್ತದೆ, ಆದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಗುಳಿಗೆ ಬೇಕೇ ಬೇಕು ಅನ್ನುವ ಎಳೆತ ನಿಲ್ಲುತ್ತದೆ, ನಶೆ ಏರುವುದಿಲ್ಲ, ದಿನವಿಡೀ ಇರುತ್ತದೆ. ಮೇಲೆ ಬೇರೆ ಗುಳಿಗೆ ನುಂಗಿದರೂ ಮೊದಲಿನ ಹಾಗೆ ಹತ್ತುವುದಿಲ್ಲ. ಇದನ್ನು ಬಿಡದೆ ತೆಗೆದುಕೊಳ್ಳುವವರಲ್ಲಿ ಸಾವು ತುಂಬಾ ಕಡಿಮೆ ಅಂತ ಬೇರೆ ಬೇರೆ ದೇಶಗಳಲ್ಲಿ ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಅಪ್ಪ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಗುಳಿಗೆ ನುಂಗುತ್ತಾರಲ್ಲ, ಅದನ್ನು ಯಾರೂ ಚಟ ಅನ್ನುವುದಿಲ್ಲ, ಅಲ್ವಾ?

ಇದು ಸಾಮಾನ್ಯ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಎಲ್ಲ ಆಸ್ಪತ್ರೆಯಲ್ಲೂ ಇರುತ್ತದೆ ಅಂತಲೂ ಇಲ್ಲ, ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಮೊದಮೊದಲು ಅಲ್ಲೇ ಎದುರಿಗೆ ಕೂರಿಸಿ ಕೊಡುತ್ತಾರೆ, ಓಡಾಟ ಜಾಸ್ತಿ. ನೀವು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲೇ. ಬೆಳಿಗ್ಗೆ ಎಬ್ಬಿಸುವುದು, ಬೈಕ್ ಮೇಲೆ ಬಿಡುವುದು, ಮಾಲೀಕನಿಗೆ ಒಂದು ಮಾತು ಹೇಳಿ ಅರ್ಧ ದಿನ ರಜೆ ಕೇಳುವುದು. ಇದಕ್ಕಿಂತ ದೊಡ್ಡ ಉಪದೇಶ ಯಾವುದೂ ಇಲ್ಲ.

ತೆಗೆದುಕೊಳ್ಳುವ ರೀತಿ ಗೊತ್ತಿರಲಿ. ಬಾಯಿ ನೀರಿನಿಂದ ತೊಯಿಸಿಕೊಂಡು ನಾಲಿಗೆ ಕೆಳಗೆ ಇಡಬೇಕು, ಪೂರ್ತಿ ಕರಗುವ ತನಕ ಮಾತಿಲ್ಲ, ಚಹಾ ಇಲ್ಲ, ನುಂಗುವಂತಿಲ್ಲ. ನುಂಗಿದರೆ ಹೊಟ್ಟೆಗೆ ಹೋಗಿ ಬಹುಪಾಲು ವ್ಯರ್ಥ. ಗುಟ್ಕಾ, ತಂಬಾಕು ಬಾಯಲ್ಲಿ ಇಟ್ಟುಕೊಂಡೇ ಇದನ್ನು ಇಡುವವರಿದ್ದಾರೆ, ಅದು ಬೇಡವೇ ಬೇಡ. ಕರಗಿದ ಮೇಲೆ ಬಾಯಿ ಮುಕ್ಕಳಿಸಬೇಕು, ಬ್ರಶ್ ಮಾಡಲು ಒಂದು ಗಂಟೆ ತಡೆಯಬೇಕು, ಇಲ್ಲದಿದ್ದರೆ ಹಲ್ಲು ಹಾಳು. ಇನ್ನೊಂದು ಮುಖ್ಯ ವಿಷಯ: ಮೊದಲ ಡೋಸ್ ಕೊಡುವುದು ಹಳೆಯ ಗುಳಿಗೆ ನಿಂತು ಆಕಳಿಕೆ, ಮೂಗಿನ ನೀರಿನಂಥ ಒದ್ದಾಟ ಶುರುವಾದ ಮೇಲೆ. ಹಳೆಯ ಗುಳಿಗೆ ಇನ್ನೂ ಮೈಯಲ್ಲಿರುವಾಗ ಇದನ್ನು ಕೊಟ್ಟರೆ ಆ ಒದ್ದಾಟ ಒಮ್ಮೆಲೇ ಉಕ್ಕಿ ಬರುತ್ತದೆ, ಅದಕ್ಕೇ ಕೊನೆಯದು ಯಾವಾಗ ತಗೊಂಡೆ ಅಂತ ನಿಜ ಹೇಳಬೇಕು. ಮಲಬದ್ಧತೆ ಆಗುತ್ತದೆ. ನಮ್ಮ ಕಡೆ ಇದಕ್ಕೆ ಚಿಂತೆ ಇಲ್ಲ, ಜೋಳದ ರೊಟ್ಟಿ, ಸೊಪ್ಪು, ಮಜ್ಜಿಗೆ, ನೀರು.

ಕೆಲವರಿಗೆ ನಾಲ್ಟ್ರೆಕ್ಸೋನ್ ಕೊಡುತ್ತಾರೆ. ಅದು ಒಪಿಯಾಯ್ಡ್‌ಗೆ ಬಾಗಿಲು ಮುಚ್ಚುವ ಗುಳಿಗೆ, ಎಲ್ಲ ಬಿಟ್ಟು ವಾರ ಹತ್ತು ದಿನ ಆದ ಮೇಲೆ ಮಾತ್ರ ಶುರು. ಅದರ ಮೇಲಿದ್ದವನಿಗೆ ಅಪಘಾತ ಆದರೆ, ಆಪರೇಷನ್ ಬೇಕಾದರೆ ಕೆಲವು ನೋವಿನ ಇಂಜೆಕ್ಷನ್ ಹತ್ತುವುದಿಲ್ಲ, ಹಾಗಾಗಿ ಪರ್ಸಿನಲ್ಲಿ ಒಂದು ಚೀಟಿ ಬರೆದಿಡಿ.

ಬಿಟ್ಟ ಮೇಲಿನ ಅಪಾಯ

ಇದನ್ನು ಮನೆಯ ಪ್ರತಿಯೊಬ್ಬರೂ ಓದಬೇಕು. ಚಟ ಇದ್ದಾಗ ಮೈ ಹತ್ತು ಗುಳಿಗೆ ತಡೆದುಕೊಳ್ಳುತ್ತಿತ್ತು. ಬಿಟ್ಟು ಕೆಲವು ದಿನ ಆದರೆ ಆ ತಾಕತ್ತು ಹೋಗಿರುತ್ತದೆ. ವ್ಯಸನಮುಕ್ತಿ ಕೇಂದ್ರದಿಂದ, ಜೈಲಿನಿಂದ, ತವರಿನಿಂದ ಬಂದವರು ಒಂದು ಸಂಜೆ ಹಳೆಯ ಲೆಕ್ಕದಲ್ಲೇ ನುಂಗಿದರೆ ಉಸಿರು ನಿಲ್ಲುತ್ತದೆ. ಜೊತೆಗೆ ಕುಡಿತ ಅಥವಾ ಆಲ್ಪ್ರಾಜೋಲಾಮ್‌ನಂಥ ನಿದ್ದೆ ಗುಳಿಗೆ ಇದ್ದರೆ ಇನ್ನೂ ಬೇಗ. "ನಿದ್ದೆ ಬರಲಿ ಒಂದು ಪೆಗ್ ಕೊಡು" ಅನ್ನುವ ಕಾಕಾನನ್ನು ದೂರ ಇಡಿ.

ಗುರುತು ಹೀಗಿರುತ್ತದೆ: ಕರೆದರೆ, ಎದೆಯ ಮೂಳೆ ಮೇಲೆ ಮುಷ್ಟಿಯಿಂದ ತಿಕ್ಕಿದರೆ ಏಳುವುದಿಲ್ಲ, ಉಸಿರು ತೀರಾ ನಿಧಾನ ಅಥವಾ ಗೊರಗೊರ, ತುಟಿ ಉಗುರು ನೀಲಿ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು. ತಕ್ಷಣ 108. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಉಸಿರು ನಿಂತಿದ್ದರೆ, ನಿಮಗೆ ಗೊತ್ತಿದ್ದರೆ, ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಿ, ಗೊತ್ತಿಲ್ಲದಿದ್ದರೆ 108ರವರು ಫೋನಿನಲ್ಲೇ ಹೇಳಿದಂತೆ ಮಾಡಿ. ಉಪ್ಪು ನೀರು ಕುಡಿಸುವುದು, ಈರುಳ್ಳಿ ಮೂಸಿಸುವುದು, ಮಲಗಲಿ ಬಿಡು ಅನ್ನುವುದು ಯಾವುದೂ ಬೇಡ. ಏನು ನುಂಗಿದ ಅಂತ ಆಂಬುಲೆನ್ಸಿನವರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಇದಕ್ಕೆ ನಾಲೊಕ್ಸೋನ್ ಅನ್ನುವ ಇಂಜೆಕ್ಷನ್ ಇದೆ, ನಿಮಿಷಗಳಲ್ಲಿ ಉಸಿರು ಬರುತ್ತದೆ. ಆದರೆ ಅದರ ಪರಿಣಾಮ 30ರಿಂದ 90 ನಿಮಿಷ ಮಾತ್ರ. ಎದ್ದು ಕೂತ ಅಂತ ಮನೆಗೆ ಕರೆದುಕೊಂಡು ಬಂದರೆ ಮತ್ತೆ ಉಸಿರು ನಿಲ್ಲಬಹುದು, ಡಾಕ್ಟರ್ ಬಿಡುವ ತನಕ ಅಲ್ಲೇ ಇರಿ.

ದಿನದಿನದ ಮಾತು

ದಿನಾ "ಬಿಟ್ಟೆಯಾ?" ಅಂತ ಕೇಳಬೇಡಿ. "ತಮ್ಮಾ, ಇವತ್ತ ದವಾಖಾನಿಗೆ ಎಷ್ಟಕ್ಕ ಹೋಗೂಣು?" ಅಂತ ಕೇಳಿ. ಎಳೆತ ಬಂದಾಗ ಅದು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ. ಆ ಹೊತ್ತಿಗೆ ಫೋನ್ ಮಾಡಲು ಒಬ್ಬರು ಬೇಕು. ಆ ಒಬ್ಬರು ನೀವೇ ಆದರೆ, ಕರೆ ಬಂದಾಗ ಕಾರಣ ಕೇಳದೆ ಒಂದು ಚಹಾಕ್ಕೋ ಹೊಲದ ಕಡೆಗೋ ಕರೆದುಕೊಂಡು ಹೋಗಿ, ಏನೂ ಮಾತಾಡದಿದ್ದರೂ ನಡೆಯುತ್ತದೆ.

ರೊಕ್ಕದ ವಿಷಯ ಸೂಕ್ಷ್ಮ. ಸಕ್ಕರೆ ಕಾರ್ಖಾನೆಯಿಂದ ಕಬ್ಬಿನ ಬಿಲ್ ಬಂದ ದಿನ, ವಾರದ ಪಗಾರದ ದಿನ, ಬನಶಂಕರಿ ಜಾತ್ರೆ, ಸಿದ್ದೇಶ್ವರ ಜಾತ್ರೆ, ಮದುವೆ, ಇವೆಲ್ಲ ಕೈಯಲ್ಲಿ ರೊಕ್ಕ, ಪಕ್ಕದಲ್ಲಿ ಹಳೆಯ ಗೆಳೆಯರು ಇರುವ ದಿನಗಳು. ಕಸಿದುಕೊಳ್ಳುವುದಕ್ಕಿಂತ ಮುಂಚೆಯೇ ಕೂತು ಮಾತಾಡಿ. ಪಗಾರ ಹೆಂಡತಿಯ ಖಾತೆಗೆ ಹೋಗಲಿ, ದಿನದ ಖರ್ಚು ಅವನ ಕೈಗೆ ಬರಲಿ ಅಂತ ಅವನೇ ಒಪ್ಪಿದರೆ ಚೆನ್ನ. ಗುಳಿಗೆ ಕೊಡುತ್ತಿದ್ದವನ ನಂಬರ್ ಅವನ ಕೈಯಿಂದಲೇ ಅಳಿಸಲಿ. ಜಾತ್ರೆಗೆ ಹೋಗಲೇಬೇಡ ಅಂದರೆ ಆಗುವ ಮಾತಲ್ಲ, ಜೊತೆಗೆ ಹೋಗಿ, ತೇರು ನೋಡಿ, ಮಕ್ಕಳಿಗೆ ಬೆಂಡು ಬತ್ತಾಸು ತಗೊಂಡು ಕತ್ತಲಾಗುವ ಮುಂಚೆ ತಿರುಗಿ ಬನ್ನಿ.

ದೇವರ ಮುಂದೆ ಆಣೆ ಮಾಡಿಸುವವರಿಗೆ ಒಂದು ಮಾತು. ನಂಬಿಕೆ ಇದ್ದರೆ ಮಾಡಲಿ, ಆದರೆ ಡಾಕ್ಟರ್ ಕೊಟ್ಟ ಗುಳಿಗೆ ನಿಲ್ಲಿಸದಿರಲಿ. ಆಣೆ ಮುರಿದ ಮೇಲೆ ಮುಖ ತೋರಿಸಲಾರದೆ ದವಾಖಾನೆಗೂ ಹೋಗದೆ ಉಳಿಯುವುದು ಆಣೆಯಿಂದಾಗುವ ನಷ್ಟ.

ಹಳೆಯ ನೋವು ಹಾಗೇ ಇದ್ದರೆ ಅದಕ್ಕೂ ಬೇರೆ ದಾರಿ ಬೇಕು. ಸೊಂಟ ನೋವಿಗೆ ಶುರುವಾದ ಚಟ ಸೊಂಟ ನೋವಿಗೇ ತಿರುಗಿ ಬರುತ್ತದೆ. ಒಪಿಯಾಯ್ಡ್ ಅಲ್ಲದ ಔಷಧಿ, ಫಿಸಿಯೋಥೆರಪಿ, ಸ್ವಲ್ಪ ದಿನ ಬೇರೆ ಕೆಲಸ, ಇದನ್ನು ಡಾಕ್ಟರ್ ಹತ್ತಿರ ನೀವೇ ಎತ್ತಿ ಕೇಳಿ. ಹಲ್ಲು ಕೀಳಿಸಲು ಹೋದರೂ ವಿಷಯ ಹೇಳಲೇಬೇಕು.

ಮತ್ತೆ ತಗೊಂಡ ಅಂತ ಗೊತ್ತಾದರೆ? ಆಗುತ್ತದೆ, ಬಹಳ ಜನರಿಗೆ ಆಗುತ್ತದೆ. ಮೊದಲು ಕೇಳಬೇಕಾದ್ದು "ಯಾಕೆ" ಅಲ್ಲ, "ಎಷ್ಟು, ಯಾವಾಗ, ಜೊತೆಗೆ ಇನ್ನೇನು." ಉಸಿರು ಸರಿ ಇದೆಯಾ ನೋಡಿ, ಒಬ್ಬನನ್ನೇ ಬಿಡಬೇಡಿ, ಮರುದಿನ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗಿ. ಜಗಳ ಮಾಡಲೇಬೇಕು ಅನ್ನಿಸಿದರೆ ಅದಾದ ಮೇಲೆ ಮಾಡಿ. ಹಾಗಂತ ಎಲ್ಲವನ್ನೂ ಸಹಿಸಬೇಕಿಲ್ಲ. ಮನೆಯ ಬಂಗಾರ ಮಾರಿದರೆ, ಕೈ ಎತ್ತಿದರೆ, ಮಕ್ಕಳ ಎದುರು ನಶೆಯಲ್ಲಿ ಬಿದ್ದರೆ ಏನು ಮಾಡುತ್ತೀರಿ ಅಂತ ಶಾಂತವಾಗಿದ್ದಾಗಲೇ ಹೇಳಿಡಿ. ಹೇಳಿದಷ್ಟೇ ಮಾಡಿ, ಮಾಡಲಾಗದ್ದನ್ನು ಹೇಳಬೇಡಿ.

ಇನ್ನು ನಿಮ್ಮ ವಿಷಯ. ಇದು ತಿಂಗಳುಗಳ, ಕೆಲವರಿಗೆ ವರ್ಷಗಳ ಕೆಲಸ. ಒಬ್ಬರೇ ಹೊತ್ತರೆ ನೀವು ಮೊದಲು ಬೀಳುತ್ತೀರಿ. ಮನೆಯಲ್ಲಿ ಇನ್ನೊಬ್ಬರಿಗೆ ಪೂರ್ತಿ ವಿಷಯ ಗೊತ್ತಿರಲಿ, ದವಾಖಾನೆಯ ದಿನಗಳನ್ನು ಹಂಚಿಕೊಳ್ಳಿ. ನಿಮಗೇ ನಿದ್ದೆ ಬಾರದೆ, ಅನ್ನ ಸೇರದೆ ಹೋದರೆ 14416ಕ್ಕೆ ನಿಮಗೋಸ್ಕರವೇ ಫೋನ್ ಮಾಡಬಹುದು, ಚಟ ಇದ್ದವರೇ ಮಾಡಬೇಕು ಅಂತೇನಿಲ್ಲ. ಅವನ ಫಾಲೋಅಪ್ ದಿನ ಡಾಕ್ಟರ್ ಹತ್ತಿರ ನಿಮ್ಮ ಮಾತಿಗೂ ಐದು ನಿಮಿಷ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ.