ಆರ್ಮಿಸ್ಟನ್ ಹಳ್ಳದ ನಡಿಗೆ: ಹೊರಡುವ ಮೊದಲು ಮಡು ನೋಡಿ

ಆಸ್ಟ್ರೇಲಿಯಾದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 135 ಕಿ.ಮೀ. ಹೋದರೆ ಆರ್ಮಿಸ್ಟನ್ ಹಳ್ಳ. ಕೊನೆಯವರೆಗೂ ಡಾಂಬರು ರಸ್ತೆ ಇರುವುದರಿಂದ ಸಾಮಾನ್ಯ ಕಾರು ಸಾಕು. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆ ಡೌನ್‌ಲೋಡ್ ಮಾಡಿಕೊಂಡು, ಪೆಟ್ರೋಲು, ಬುತ್ತಿ, ನೀರು ಎಲ್ಲವನ್ನೂ ಊರಲ್ಲೇ ತುಂಬಿಸಿಕೊಳ್ಳುತ್ತೇನೆ. ಹೊರಗಿನಿಂದ ಬಂದವರಿಗೆ ಪಾರ್ಕ್ಸ್ ಪಾಸ್ (ರಾಷ್ಟ್ರೀಯ ಉದ್ಯಾನದ ಪ್ರವೇಶ ಚೀಟಿ) ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ.

ಇಲ್ಲಿನ ಪೌಂಡ್ ವಾಕ್ (ಪೌಂಡ್ ಎಂದರೆ ಬೆಟ್ಟಗಳು ಸುತ್ತುವರಿದ ಬಯಲು) ಸುಮಾರು 9 ಕಿ.ಮೀ. ಸುತ್ತು, ಮೂರು–ನಾಲ್ಕು ಗಂಟೆಯ ದಾರಿ. ಕೊನೆಯ ಭಾಗ ಕಮರಿಯೊಳಗೆ, ಹಳ್ಳದ ಪಾತ್ರದಲ್ಲೇ ಸಾಗುತ್ತದೆ. ಮಳೆಯಾಗಿದ್ದರೆ ಅಲ್ಲಿ ಗೋಡೆಯಿಂದ ಗೋಡೆಗೆ ನೀರು ನಿಂತಿರುತ್ತದೆ. ಅಷ್ಟು ನಡೆದು ಬಂದವರು ಈಜಬೇಕು, ಇಲ್ಲವೇ ಬಂದ ದಾರಿಯಲ್ಲೇ ವಾಪಸಾಗಬೇಕು. ಅದಕ್ಕೇ ನಾನು ಮೊದಲು ಕಾರು ನಿಲ್ಲಿಸುವ ಜಾಗದಿಂದ ಕಮರಿಯ ಮಡುವಿಗೆ ಹೋಗಿ ನೋಡುತ್ತೇನೆ, ಹಳ್ಳದ ಮೇಲ್ಭಾಗದ ನೀರಿನ ಸ್ಥಿತಿಯನ್ನು ರೇಂಜರ್ ಹತ್ತಿರ ವಿಚಾರಿಸುತ್ತೇನೆ. ಮೊಣಕಾಲುದ್ದ ನೀರಾದರೆ ಶೂ ಹಾಕಿಕೊಂಡೇ, ಕೋಲಿನಿಂದ ಆಳ ನೋಡುತ್ತಾ ದಾಟಬಹುದು. ಅದಕ್ಕೂ ಹೆಚ್ಚಿದ್ದರೆ ಸುತ್ತು ಬಿಟ್ಟುಬಿಡಿ, 2.5 ಕಿ.ಮೀ.ನ ಘೋಸ್ಟ್ ಗಮ್ ವಾಕ್ ಮಾಡಿ. ಮಡು ಆಳವಾಗಿದೆ, ಬಂಡೆಗೋಡೆಗಳು ಬಿಸಿಲನ್ನು ತಡೆಯುತ್ತವೆ. ಹೊರಗೆ ಸೆಕೆಯಿದ್ದರೂ ನೀರು ಕೊರೆಯುತ್ತಿರುತ್ತದೆ. ಏಕಾಏಕಿ ಧುಮುಕಿದರೆ ಉಸಿರು ಕಟ್ಟುತ್ತದೆ.

ಬೆಳಿಗ್ಗೆ ಏಳಕ್ಕೆಲ್ಲ ಹೊರಟು, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದು ಒಳ್ಳೆಯದು. ಏರು ತಂಪಿನಲ್ಲಿ ಮುಗಿಯುತ್ತದೆ. ಆಮೇಲಿನ ಬಯಲಲ್ಲಿ ನೆರಳೇ ಕಡಿಮೆ. ಒಬ್ಬರಿಗೆ ಕನಿಷ್ಠ 3 ಲೀಟರ್ ನೀರು, ಜೊತೆಗೆ ಓಆರ್‌ಎಸ್, ಮುಖಕ್ಕೆ ನೊಣದ ಬಲೆ. ಸ್ಪಿನಿಫೆಕ್ಸ್ ಹುಲ್ಲಿನ ತುದಿ ಸೂಜಿಯಂತೆ ಚುಚ್ಚಿ ಚರ್ಮದೊಳಗೇ ಮುರಿಯುತ್ತದೆ, ಆದ್ದರಿಂದ ಉದ್ದ ಪ್ಯಾಂಟೇ ಬೇಕು.

ಹಳ್ಳದ ಮರಳಿನಲ್ಲಿ ಹಿಮ್ಮಡಿ ಹೂತು ಮೀನಖಂಡ ಸೋಲುತ್ತದೆ. ಅಂಚಿನ ಜಲ್ಲಿಯ ಮೇಲೆ ನಡೆಯಿರಿ. ಕಮರಿಯ ಕ್ವಾರ್ಟ್ಜೈಟ್ ಎಂಬ ಗಟ್ಟಿ ಕಲ್ಲಿನ ಗುಂಡುಗಳು ಪ್ರವಾಹಕ್ಕೆ ಸವೆದು ನುಣುಪಾಗಿವೆ, ಒದ್ದೆಯಾದರೆ ಖಂಡಿತ ಜಾರುತ್ತವೆ. ಇಲ್ಲಿ ಅವಸರ ಬೇಡ. ಕಲ್ಲುರಾಶಿಯನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ, ಬಂಡೆಯದೇ ಬಣ್ಣದ ರಾಕ್ ವಾಲಬಿ (ಕಾಂಗರೂ ಜಾತಿಯ ಚಿಕ್ಕ ಪ್ರಾಣಿ) ಕಿವಿ ಆಡಿಸಿದಾಗ ಕಾಣುತ್ತದೆ. ವಿಶ್ರಾಂತಿಗೆ ದೊಡ್ಡ ರೆಡ್ ಗಮ್ ಮರದ ಕೆಳಗೆ ಕೂರಬೇಡಿ, ಗಾಳಿಯಿಲ್ಲದೆಯೂ ಕೊಂಬೆ ಬೀಳುವುದುಂಟು.

ಏಪ್ರಿಲ್‌ನಿಂದ ಸೆಪ್ಟೆಂಬರ್ ಸರಿಯಾದ ಕಾಲ. ನಮ್ಮ ಬೇಸಿಗೆ ರಜೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಜೂನ್–ಜುಲೈ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗೂ ಕೆಳಗಿಳಿಯಬಹುದು, ಅಲ್ಲೇ ಟೆಂಟ್ ಹಾಕುವವರು ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಒಯ್ಯಲಿ. ಊರಿಗೆ ಮರಳುವವರು ಮುಸ್ಸಂಜೆಗೆ ಮುಂಚೆಯೇ ತಲುಪಬೇಕು: ಕತ್ತಲಾದ ಮೇಲೆ ಕಾಂಗರೂ, ದನಗಳು ರಸ್ತೆಗಿಳಿಯುತ್ತವೆ.